ಹೆಸರು ಆಮೇಲೆ ತಿಳಿಸಲಾಗುವುದು

ಪೆನ್ಸಿಲ್ವೇನಿಯಾ ರಾಜ್ಯದ ಈರಿ ಪಟ್ಟಣದ ನಿವಾಸಿಯೂ, ಅಲ್ಲಿನ ತೂಕ ಮತ್ತು ಅಳತೆ ಕಚೇರಿಯ ಹಿರಿಯ ತಪಾಸಣಾಧಿಕಾರಿಯೂ ಆದ, ನಲವತ್ತೇಳು ವರ್ಷ ವಯಸ್ಸಿನ ಶ್ರೀ ನಾರ್ಬರ್ಟ್ ಗೋರ್ಸ್ಕಿಯವರು (ಇನ್ನು ಮುಂದೆ ‘ನಾರ್ಬರ್ಟ್’ ಎಂದು ಕರೆಯಲಾಗುವುದು) ಹದಿನಾಲ್ಕು ಬೇಸ್‌ಬಾಲ್ ತಂಡಗಳ ವ್ಯವಸ್ಥಾಪಕರಾಗಿದ್ದರು. ಈ ಹದಿನಾಲ್ಕರಲ್ಲಿ ಒಂದು ತಂಡವೂ ಭೂಮಿಯ ಮೇಲೆ ಇರಲಿಲ್ಲ. ಇಲ್ಲ ಅನ್ನುವ ಕಾರಣಕ್ಕೆ ಕೆಲಸವೇನೂ ಕಡಿಮೆಯಾಗಿರಲಿಲ್ಲ.

ಆಟದ ವಿಧಾನ ಸರಳ. ಎಲ್ಲೆಲ್ಲೋ ದೂರದ ಊರುಗಳಲ್ಲಿ ನಿಜವಾದ ಆಟಗಾರರು ಬಿಸಿಲಲ್ಲಿ ಬೆವರು ಸುರಿಸಿ ಆಡುತ್ತಾರೆ. ಮಾರ್ಚ್ ತಿಂಗಳಲ್ಲಿ ಹನ್ನೆರಡು ಜನ ಗಂಡಸರು ಒಂದು ಕೋಣೆಯಲ್ಲಿ ಕೂತು ಆ ಆಟಗಾರರ ಹೆಸರುಗಳನ್ನು ತಮ್ಮತಮ್ಮೊಳಗೆ ಹಂಚಿಕೊಳ್ಳುತ್ತಾರೆ. ಹೀಗೆ ಸೇರಿದ ಗುಂಪೇ ಲೀಗು; ಒಂದು ಲೀಗಿನಲ್ಲಿ ಒಬ್ಬನಿಗೆ ಒಂದೇ ತಂಡ. ಆಮೇಲೆ ಆರು ತಿಂಗಳ ಕಾಲ ಆಟಗಾರ ಹೊಡೆದದ್ದು, ಓಡಿದ್ದು, ಎಸೆದದ್ದು ಎಲ್ಲದರ ಅಂಕವೂ ಅವನ ಹೆಸರು ಹಿಡಿದುಕೊಂಡವನಿಗೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಗೆದ್ದ ದಿನ ನಾರ್ಬರ್ಟ್ “ನಾವು ಗೆದ್ವಿ” ಎಂದು ಎಲ್ಲರಿಗೂ ಸಂದೇಶ ಕಳಿಸುತ್ತಿದ್ದ. ಸೋತ ದಿನ “ಅವರು ಸೋತರು” ಎಂದು ಕಳಿಸುತ್ತಿದ್ದ. ಈ ವ್ಯಾಕರಣದ ಬಗ್ಗೆ ಮುಂದೆ ವಿಚಾರಣೆ ನಡೆಯಲಿದೆ.

ಮೊದಲು ಇದ್ದದ್ದು ಒಂದೇ ತಂಡ. ಅದು ಸೋಲುತ್ತಿತ್ತಾದ್ದರಿಂದ ಸಮಾಧಾನಕ್ಕೆಂದು ಎರಡನೆಯದು ಬಂತು. ಎರಡನೆಯದು ಗೆಲ್ಲುತ್ತಿತ್ತಾದ್ದರಿಂದ ಹುರುಪಿಗೆ ಮೂರನೆಯದು. ನಾಲ್ಕನೆಯದು ಕಚೇರಿಯ ಸಹೋದ್ಯೋಗಿಯೊಬ್ಬಳು ಹೆರಿಗೆ ರಜೆಗೆ ಹೋಗುವಾಗ “ಎರಡು ವಾರ ನೋಡ್ಕೋ” ಎಂದು ಕೊಟ್ಟುಹೋದದ್ದು. ಆ ಮಗು ಈಗ ಮೂರನೇ ತರಗತಿ. ಉಳಿದ ಹತ್ತು ಹೇಗೆ ಬಂದವು ಎಂಬುದಕ್ಕೆ ಕಡತದಲ್ಲಿ ದಾಖಲೆಯಿಲ್ಲ.

ವಾರದ ಕಾರ್ಯಕ್ರಮ ಹೀಗಿರುತ್ತಿತ್ತು. ಸೋಮವಾರ ಪಶ್ಚಾತ್ತಾಪ. ಮಂಗಳವಾರ ಆ ಪಶ್ಚಾತ್ತಾಪಕ್ಕೆ ಕಾರಣನಾದ ಆಟಗಾರ ಯಾರೆಂದು ಪತ್ತೆ ಹಚ್ಚುವುದು. ಬುಧವಾರ ಅವನನ್ನು ಕೈಬಿಡುವುದು. ಗುರುವಾರ ಅವನು ಬೇರೆಯವರ ತಂಡದಲ್ಲಿ ಮಿಂಚುವುದನ್ನು ಕಣ್ಣಾರೆ ಕಾಣುವುದು. ಶುಕ್ರವಾರ ಮತ್ತು ಶನಿವಾರ, ತಾನು ಹುಟ್ಟಿದಾರಭ್ಯ ಕಾಲಿಡದ ಊರುಗಳ ಹವಾಮಾನ ವರದಿ, ಕಂಡರಿಯದ ಯುವಕರ ಮೊಣಕೈ, ಸೊಂಟ, ಹಿಮ್ಮಡಿಗಳ ವರದಿ ಓದುವುದು. ಭಾನುವಾರ ಮಧ್ಯಾಹ್ನ ಒಂದರಿಂದ ಸಂಜೆ ಏಳರವರೆಗೆ ಹದಿನಾಲ್ಕು ಗಡುವುಗಳು. ಒಂದೊಂದು ಗಡುವಿನೊಳಗೂ ಒಂದೊಂದು ತಂಡದ ಪಟ್ಟಿ ಸಲ್ಲಿಸಬೇಕು; ಕೊನೆಯ ಗಳಿಗೆಯ ಗಾಯದ ಸುದ್ದಿ ನೋಡದೆ ನಾರ್ಬರ್ಟ್ ಕಳಿಸುತ್ತಿರಲಿಲ್ಲ. ಸಲ್ಲಿಸದಿದ್ದರೆ ಏನಾಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನಾರ್ಬರ್ಟ್ ಎಂದೂ ಸಲ್ಲಿಸದೆ ಇದ್ದವನಲ್ಲ. ಪೆಟ್ರೋಲ್ ಬಂಕಿನಲ್ಲಿ ಐದು ಗ್ಯಾಲನ್ ಡಬ್ಬಿಗೆ ಅರ್ಧ ಚಮಚ ಕಡಿಮೆ ಬಿದ್ದರೆ ಹಿಡಿಯುವ ಮನುಷ್ಯ, ತನ್ನ ವಾರದಲ್ಲಿ ಎಷ್ಟು ಸೋರಿಹೋಗುತ್ತಿದೆ ಎಂದು ಅಳೆದಿರಲಿಲ್ಲ.

ಒಸ್ವಾಲ್ಡೊ ಕಿನ್ಯೋನೆಸ್ ಎಂಬ ಎಡಗೈ ಪಿಚರ್ ಒಬ್ಬನಿದ್ದ. ಪಿಚರ್ ಅಂದರೆ ಚೆಂಡು ಎಸೆಯುವವನು. ಅವನು ವಾರದಲ್ಲಿ ಎರಡು ಸಲ ಎಸೆಯುವ ಸರದಿ ಬಂದರೆ ನಾರ್ಬರ್ಟ್‌ಗೆ ಹಬ್ಬ. ಆದರೆ ಈ ಕಿನ್ಯೋನೆಸ್ ಏಳು ಲೀಗುಗಳಲ್ಲಿ ನಾರ್ಬರ್ಟ್ ಕೈಲಿದ್ದ, ಇನ್ನೇಳರಲ್ಲಿ ಎದುರಾಳಿಗಳ ಕೈಲಿದ್ದ. ಅವನು ಚೆನ್ನಾಗಿ ಎಸೆದರೆ ಏಳು ಕಡೆ ಲಾಭ, ಏಳು ಕಡೆ ನಷ್ಟ. ಕೆಟ್ಟದಾಗಿ ಎಸೆದರೂ ಅಷ್ಟೇ. ಟೀವಿ ಮುಂದೆ ಕೂತ ನಾರ್ಬರ್ಟ್ ಚಪ್ಪಾಳೆ ಹೊಡೆಯಲು ಎತ್ತಿದ ಕೈಯಲ್ಲೇ ಹಣೆ ಚಚ್ಚಿಕೊಳ್ಳುತ್ತಿದ್ದ. ಇದಕ್ಕೆ ಮನರಂಜನೆ ಎಂದು ಹೆಸರು.

ನಾರ್ಬರ್ಟ್‌ಗೆ ಹನ್ನೊಂದು ವರ್ಷದ ಮಗಳೊಬ್ಬಳಿದ್ದಳು, ವಿನ್ನಿ. ಅವಳೂ ಆಡುತ್ತಿದ್ದಳು, ಹುಡುಗಿಯರ ಸಾಫ್ಟ್‌ಬಾಲ್ ತಂಡದಲ್ಲಿ, ಇಡೀ ಬೇಸಿಗೆ, ಪ್ರತಿ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ. ಆ ತಂಡ ಭೂಮಿಯ ಮೇಲೆ ಇತ್ತು. ಮನೆಯಿಂದ ಏಳು ನಿಮಿಷದ ದಾರಿ. ತೊಂದರೆ ಏನೆಂದರೆ, ಹದಿನಾಲ್ಕು ಗಡುವುಗಳಲ್ಲಿ ಮೊದಲನೆಯದು, ಬೇಫ್ರಂಟ್ ಲೀಗಿನದು, ಭಾನುವಾರ ಒಂದು ಗಂಟೆಗೇ ಬೀಳುತ್ತಿತ್ತು. ಸಮಯ ಬದಲಿಸಬೇಕೆಂದು ನಾರ್ಬರ್ಟ್ ಪತ್ರ ಬರೆದಿದ್ದ. ಲೀಗಿಗಲ್ಲ, ಹುಡುಗಿಯರ ತಂಡಕ್ಕೆ. ಉತ್ತರ ಬಂದಿರಲಿಲ್ಲ. ಹೀಗಾಗಿ ಜೂನ್ ಮುಗಿಯುವ ಹೊತ್ತಿಗೆ ವಿನ್ನಿಯ ಒಂಬತ್ತು ಆಟಗಳಲ್ಲಿ ಒಂಬತ್ತನ್ನೂ ಅವನು ನೋಡಿರಲಿಲ್ಲ. ಅವಳು ಬಲಮೂಲೆಯಲ್ಲಿ ನಿಂತು ಚೆಂಡು ಕಾಯುತ್ತಾಳೆ ಅನ್ನುವುದು ಅವನ ಹತ್ತಿರವಿದ್ದ ಕೊನೆಯ ಮಾಹಿತಿ. ಅದು ಹೋದ ವರ್ಷದ್ದು.

ನಾರ್ಬರ್ಟ್‌ನ ಹೆಂಡತಿ ಕೊರೀನ್ ಶಾಲಾ ಬಸ್ಸುಗಳ ವೇಳಾಪಟ್ಟಿ ನೋಡಿಕೊಳ್ಳುವವಳು. ಅರವತ್ತೆರಡು ಬಸ್ಸು, ಒಂದು ದಿನಕ್ಕೂ ಒಂದು ಮಗುವನ್ನು ಬೀದಿಯಲ್ಲಿ ಬಿಟ್ಟವಳಲ್ಲ. ಅವಳ ಮನೆಯ ಮಾತುಕತೆ ಮಾತ್ರ ಹೀಗಿರುತ್ತಿತ್ತು:

“ಅಡುಗೆಮನೆ ನಲ್ಲಿ ಸೋರ್ತಿದೆ.”

“ಹೂಂ.”

“ಏನ್ ಹೂಂ? ಏನಂದೆ ಹೇಳು ನೋಡೋಣ.”

“ಮೊಣಕೈ ಊದ್ಕೊಂಡಿದೆ ಅಂದೆ.”

“ಯಾರ ಮೊಣಕೈ ಮಾರಾಯ?”

“ಅದೇ, ನಮ್ಮ ಕಿನ್ಯೋನೆಸ್ ಮೊಣಕೈ.”

ಕೊರೀನ್ ಜಗಳವಾಡಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಅವಳ ಕೈಯೇ ಸೋತಿತ್ತು. ವೇಳಾಪಟ್ಟಿಯ ಹೆಂಗಸಾದ್ದರಿಂದ ಅವಳು ಗಡಿಯಾರ ನೋಡಿದಳು. ಎರಡು ವಾರ ಗುರುತು ಹಾಕಿಕೊಂಡಳು. ಅವಳು ಬಾಯಲ್ಲಿ ಹೇಳಿದ ಮಾತಿಗೆ ಗಂಡ ಉತ್ತರಿಸಲು ಸರಾಸರಿ ಎರಡು ದಿನ ಬೇಕಾಗುತ್ತಿತ್ತು. ಫ್ರಿಜ್ಜಿನ ಮೇಲೆ ಅಂಟಿಸಿದ ಚೀಟಿಗೆ ಉತ್ತರವೇ ಇರಲಿಲ್ಲ. ಆದರೆ ಯಾವನೋ ಗುರುತಿಲ್ಲದವನು ಲೀಗಿನಲ್ಲಿ “ನಿನ್ನ ಆಟಗಾರನನ್ನು ಕೊಡು, ನನ್ನವನನ್ನು ತಗೋ” ಎಂದು ವಿನಿಮಯದ ಪ್ರಸ್ತಾವ ಕಳಿಸಿದರೆ, ಅವನು ಸ್ನಾನದಲ್ಲಿರಲಿ, ಶವಯಾತ್ರೆಯಲ್ಲಿರಲಿ, ನಾಲ್ಕು ನಿಮಿಷದಲ್ಲಿ ಉತ್ತರ ಹೋಗುತ್ತಿತ್ತು.

ಅದೇ ಹೊತ್ತಿಗೆ ಬೇಫ್ರಂಟ್ ಲೀಗಿನ ಒಬ್ಬ ಸದಸ್ಯ ಅರಿಜೋನಾಗೆ ವರ್ಗವಾಗಿ ಹೋದ. ಲೀಗಿನ ಕಮಿಷನರ್ ಡಾಕ್ಟರ್ ಎಲ್ಡನ್ ಮುಸ್ಕರೆಲ್ಲ, ವೃತ್ತಿಯಿಂದ ದಂತವೈದ್ಯರು, ಪ್ರಕಟಣೆ ಹೊರಡಿಸಿದರು: “ಈ ಮೂಲಕ ತಿಳಿಯಪಡಿಸುವುದೇನೆಂದರೆ, ಒಂದು ತಂಡ ಅನಾಥವಾಗಿರುತ್ತದೆ. ಆಸಕ್ತರು ಅರ್ಜಿ ಸಲ್ಲಿಸುವುದು. ಹಲ್ಲಿನ ತೊಂದರೆ ಇರುವವರಿಗೆ ಆದ್ಯತೆ.” ಕೊರೀನ್‌ಗೆ ಒಂದು ದವಡೆಹಲ್ಲು ಹುಳುಕಾಗಿತ್ತು. ತಂಡ ಸಿಕ್ಕಿತು. ತಂಡಕ್ಕೆ ಅವಳು ‘ಸೋರುವ ನಲ್ಲಿ’ ಎಂದು ಹೆಸರಿಟ್ಟಳು. ಲೀಗಿನ ಪರದೆಯಲ್ಲಿ ಕಾಣುವುದು ತಂಡದ ಹೆಸರಷ್ಟೇ.

ನಾರ್ಬರ್ಟ್‌ಗೆ ಹೆಸರು ಬಹಳ ಹಿಡಿಸಿತು. ನಲ್ಲಿ, ಪೈಪು ಮಾರುವ ಅಂಗಡಿಯಿಟ್ಟುಕೊಂಡು ರಿಪೇರಿಯನ್ನೂ ಮಾಡುವ ಗೆಳೆಯ ಡ್ಯೂಯಿ ಹಾರ್ಟ್‌ಲೆಬ್‌ಗೆ ತಕ್ಷಣ ಫೋನ್ ಮಾಡಿದ. ಡ್ಯೂಯಿಯೂ ಅದೇ ಲೀಗಿನವನು.

“ಲೋ ಡ್ಯೂಯಿ, ಕಳ್ಳ! ಆ ‘ಸೋರುವ ನಲ್ಲಿ’ ನೀನೇ ತಾನೆ? ಎರಡನೇ ತಂಡ ಇಟ್ಕೊಂಡಿದ್ದೀಯ?”

“ಹೋಗಲೋ. ನಲ್ಲಿ ರಿಪೇರಿ ಮಾಡೋನು ಹಾಗಂತ ಹೆಸರಿಟ್ಕೊಂಡ್ರೆ ಗಿರಾಕಿ ಹತ್ರ ಬರ್ತಾರೇನೋ?”

ಮೂರನೇ ದಿನ ಪ್ರಸ್ತಾವ ಬಂತು. “ನಿಮ್ಮ ಮೂರನೇ ಬೇಸ್ ಕಾಯುವ ಆಟಗಾರನನ್ನು ಕೊಡುವುದು. ಬದಲಿಗೆ ನನ್ನ ಬ್ಯಾಟುಗಾರ ಲಾಂಗ್‌ನೆಕರ್‌ನನ್ನು ಪಡೆಯುವುದು. ನಿಮ್ಮಿಂದ ಹೆಚ್ಚುವರಿಯಾಗಿ: ಅಡುಗೆಮನೆಯ ನಲ್ಲಿ ರಿಪೇರಿ.” ನಾರ್ಬರ್ಟ್ ಮೂರೂವರೆ ನಿಮಿಷದಲ್ಲಿ ಒಪ್ಪಿದ. ಒಪ್ಪಿದ ಮೇಲೆ ಕೊನೆಯ ಸಾಲು ಇನ್ನೊಮ್ಮೆ ಓದಿದ. ಎದ್ದು ಅಡುಗೆಮನೆಗೆ ಹೋದ. ಅಲ್ಲಿ ಕೊರೀನ್ ಫೋನ್ ಹಿಡಿದು ನಿಂತಿದ್ದಳು. ನಲ್ಲಿ ತೊಟ್ಟಿಕ್ಕುತ್ತಿತ್ತು.

“ನೀನಾ?”

“ಅಲ್ಲೇ ಬರಿ,” ಎಂದಳು ಕೊರೀನ್. “ಇಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.”

ನಾರ್ಬರ್ಟ್‌ಗೆ ನಾಚಿಕೆಯಾಯಿತು. ಆದರೆ ಲಾಂಗ್‌ನೆಕರ್ ಸಿಕ್ಕಿದ್ದು ಲಾಭವೇ ಅನ್ನಿಸಿದ್ದರಿಂದ ನಾಚಿಕೆ ಹೆಚ್ಚು ಹೊತ್ತು ಉಳಿಯಲಿಲ್ಲ. ನಲ್ಲಿಗೆ ಒಂದು ಚಿಂದಿ ಸುತ್ತಿ ಮೇಲೆ ಅಂಟುಪಟ್ಟಿ ಹಾಕಿದ. ಕಮಿಷನರ್ ಪಾಲನಾ ವರದಿ ಕೇಳಿದಾಗ, ಸ್ನಾಯು ಹಿಡಿದುಕೊಂಡ ಆಟಗಾರರ ಬಗ್ಗೆ ತಂಡಗಳು ಬರೆಯುವ ಮಾತನ್ನೇ ಬರೆದು ಕಳಿಸಿದ: “ನಲ್ಲಿ: ದಿನದಿಂದ ದಿನಕ್ಕೆ ನೋಡಲಾಗುವುದು.” ಕಮಿಷನರ್ ಸಮಾಧಾನ ವ್ಯಕ್ತಪಡಿಸಿ ಕಡತ ಮುಗಿಸಿದರು.

ಅಲ್ಲಿಂದ ಗೋರ್ಸ್ಕಿ ಕುಟುಂಬದ ಆಡಳಿತ ಸುಸೂತ್ರವಾಗಿ ನಡೆಯತೊಡಗಿತು. ಕಸದ ತೊಟ್ಟಿ ಬೀದಿಗೆ ಇಡುವುದು, ಅತ್ತೆಗೆ ಫೋನ್ ಮಾಡುವುದು, ಹುಲ್ಲು ಕತ್ತರಿಸುವುದು ಎಲ್ಲವೂ ವಿನಿಮಯದ ಮೂಲಕ. ನಿಯಮ ಹದಿನೇಳರ ಪ್ರಕಾರ ಪ್ರತಿ ವಿನಿಮಯಕ್ಕೂ ಉಳಿದ ಹತ್ತು ಸದಸ್ಯರು ಮತ ಹಾಕಬೇಕಾದ್ದರಿಂದ, ಆ ಹತ್ತು ಗಂಡಸರು ಗೋರ್ಸ್ಕಿ ದಂಪತಿಗಳ ಸಂಸಾರವನ್ನು ಜವಾಬ್ದಾರಿಯಿಂದ ಪರಿಶೀಲಿಸುತ್ತಿದ್ದರು. ಜುಲೈನಲ್ಲಿ ಬಂದ ಒಂದು ಪ್ರಕಟಣೆ ಹೀಗಿತ್ತು: “ವಿವಾಹ ವಾರ್ಷಿಕೋತ್ಸವದ ಊಟಕ್ಕೆ ಪ್ರತಿಯಾಗಿ, ಪಿಚರ್ ಎಸೆದ ಚೆಂಡು ಹಿಡಿಯುವ ಹೆಚ್ಚುವರಿ ಕ್ಯಾಚರ್ ಒಬ್ಬನನ್ನು ನೀಡುವ ಸದರಿ ಒಪ್ಪಂದವು ಏಕಪಕ್ಷೀಯವಾಗಿದೆಯೆಂದು ಎಂಟು ಮತಗಳಿಂದ ತಿರಸ್ಕರಿಸಲಾಗಿದೆ. ಊಟಕ್ಕೆ ಸಿಹಿ ಸೇರಿಸಿ ಮರುಸಲ್ಲಿಸಬಹುದು.” ಸಿಹಿ ಸೇರಿಸಿ ಮರುಸಲ್ಲಿಸಲಾಯಿತು. ಒಪ್ಪಿಗೆ ಬಂತು. ದಂಪತಿಗಳು ಊಟಕ್ಕೆ ಹೋದರು, ಎದುರುಬದುರು ಕೂತು ಫೋನಿನಲ್ಲಿ ಮಾತಾಡಿಕೊಂಡರು, ನಡುವೆ ಒಂದೆರಡು ಸಲ ಜೋರಾಗಿ ನಕ್ಕರು. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ, ಪಾಪ.

ಒಂದೇ ಒಂದು ವಿಷಯ ಮಾತ್ರ ಕುದುರಲಿಲ್ಲ. ಒಂದು ಭಾನುವಾರ ವಿನ್ನಿಯ ಆಟಕ್ಕೆ ಬಾ ಎಂದು ಕೊರೀನ್ ಒಬ್ಬ ಆಟಗಾರನನ್ನು ಕೊಡಲು ಬಂದಳು. ನಾರ್ಬರ್ಟ್ ತಿರಸ್ಕರಿಸಿದ. ಇಬ್ಬರನ್ನು ಕೊಡಲು ಬಂದಳು. ತಿರಸ್ಕರಿಸಿದ. ಮೂವರನ್ನು ಕೊಡುತ್ತೇನೆಂದಾಗ, “ಭಾನುವಾರ ವಿನಿಮಯಕ್ಕಿಲ್ಲ. ಶನಿವಾರ ಆಗಬಹುದು” ಎಂದು ಬರೆದ.

“ಶನಿವಾರ ಮಗು ಆಟ ಇಲ್ಲ!” ಎಂದು ಕೊರೀನ್ ಈ ಸಲ ಬಾಯಲ್ಲೇ ಕೂಗಿದಳು.

ಊಟದ ಮೇಜಿನ ಆ ತುದಿಯಲ್ಲಿ ವಿನ್ನಿ ಪೆಪ್ಪರೋನಿ ತುಂಬಿದ ಬನ್ನು ತಿನ್ನುತ್ತಿದ್ದಳು. “ಬಿಡಮ್ಮಾ,” ಎಂದಳು. “ಬಂದ್ರೂ ಅಪ್ಪ ಫೋನ್ ನೋಡ್ತಾ ಕೂತಿರ್ತಾನೆ. ಆಮೇಲೆ ಹುಡುಗೀರೆಲ್ಲ ಅದ್ಯಾರೇ ಆ ಅಂಕಲ್ ಅಂತ ನನ್ನನ್ನೇ ಕೇಳ್ತಾರೆ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ ಅನ್ನುವ ದನಿ. ಆ ದಿನ ಕೊರೀನ್ ಲೀಗಿನ ನಿಯಮಾವಳಿಯ ಅರವತ್ತೊಂದು ಪುಟಗಳನ್ನೂ ಕೂತು ಓದಿದಳು.

ಆಗಸ್ಟ್ ಬಂತು. ಬೇಫ್ರಂಟ್ ಲೀಗಿನ ಪಾರಿತೋಷಕವೆಂದರೆ ಡಾಕ್ಟರ್ ಮುಸ್ಕರೆಲ್ಲ ಅವರ ದವಾಖಾನೆಯಿಂದ ಬಂದ, ಚಿನ್ನದ ಬಣ್ಣ ಬಳಿದ ಪ್ಲಾಸ್ಟರ್ ದವಡೆ. ಹತ್ತೊಂಬತ್ತು ವರ್ಷಗಳಲ್ಲಿ ನಾರ್ಬರ್ಟ್ ಆರು ಸಲ ಎರಡನೇ ಸ್ಥಾನ ಪಡೆದಿದ್ದ, ದವಡೆ ಒಮ್ಮೆಯೂ ಸಿಕ್ಕಿರಲಿಲ್ಲ. ಈ ವರ್ಷ ಅವನು ಮೊದಲ ಸ್ಥಾನಕ್ಕೆ ಎರಡೇ ಎರಡು ಅಂಕ ದೂರವಿದ್ದ. ಕಿನ್ಯೋನೆಸ್ ಒಬ್ಬ ಸಿಕ್ಕರೆ ಆಗಿಹೋಯಿತು. ಈ ಲೀಗಿನಲ್ಲಿ ಕಿನ್ಯೋನೆಸ್ ಇದ್ದದ್ದು ಮೊದಲ ಸ್ಥಾನದಲ್ಲಿದ್ದ ‘ಸೋರುವ ನಲ್ಲಿ’ಯಲ್ಲಿ.

ನಾರ್ಬರ್ಟ್ ಅಡುಗೆಮನೆಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತ. ಇಂಥ ದೊಡ್ಡ ವ್ಯವಹಾರ ಮುಖತಃ ಮಾಡುವುದೇ ಮರ್ಯಾದೆ ಎಂದು ಅವನ ಅಭಿಪ್ರಾಯ.

“ಕಿನ್ಯೋನೆಸ್‌ನ ಕೊಡು. ಏನ್ ಬೇಕು ಕೇಳು.”

ಕೊರೀನ್ ತಟ್ಟೆ ಒರೆಸುತ್ತಿದ್ದವಳು ತಿರುಗಲೂ ಇಲ್ಲ. “ಒಬ್ಬ ಆಟಗಾರ ಸಾಕು.”

“ಯಾರು?”

“ಹೆಸರು ಆಮೇಲೆ ಹೇಳ್ತೀನಿ.”

ನಿಜವಾದ ಬೇಸ್‌ಬಾಲಿನಲ್ಲೂ ಹೀಗೊಂದು ಪದ್ಧತಿಯುಂಟು. ಇವತ್ತು ನಿನ್ನ ಆಟಗಾರನನ್ನು ಕೊಡು, ನನ್ನ ಕಡೆಯ ಆಟಗಾರನ ಹೆಸರು ಆಮೇಲೆ ಗೊತ್ತುಮಾಡೋಣ ಎಂದು ಒಪ್ಪಂದವಾಗುತ್ತದೆ. ಹಾಗೆ ಆಮೇಲೆ ಬರುವವನು ಸಾಮಾನ್ಯವಾಗಿ ಯಾರಿಗೂ ಬೇಡವಾದವನು. ಇದು ನಾರ್ಬರ್ಟ್‌ಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನು ಕಣ್ಣುಮುಚ್ಚಿ ಸಹಿ ಮಾಡಿದ. ಸದಸ್ಯರು ಎಂಟು ಎರಡು ಮತಗಳಿಂದ ಒಪ್ಪಿಗೆ ಕೊಟ್ಟರು. ಅವನು ಡ್ಯೂಯಿಗೆ ಫೋನ್ ಮಾಡಿ, “ಪಾಪ ಕಣೋ, ಅವಳಿಗೆ ಇದೆಲ್ಲ ತಿಳಿಯಲ್ಲ. ಆ ಪಿಚರ್‌ನ ಕಡ್ಲೆಪುರಿ ಥರ ಕೊಟ್ಬಿಟ್ಳು” ಎಂದು ಮರುಕಪಟ್ಟ. ತಾನು ಚಾಪೆಯ ಕೆಳಗೆ ತೂರಿದರೆ ಹೆಂಡತಿ ರಂಗೋಲಿಯ ಕೆಳಗೆ ತೂರಿದ್ದಾಳೆಂದು ಅವನಿಗೆ ಹೇಗೆ ತಿಳಿಯಬೇಕು?

ವಿನ್ನಿಯ ತಂಡ ಫೈನಲ್ ತಲುಪಿತು. ಆಗಸ್ಟ್ ಕೊನೆಯ ಭಾನುವಾರ, ಮಧ್ಯಾಹ್ನ ಒಂದು ಗಂಟೆ. ಅದರ ಹಿಂದಿನ ಶುಕ್ರವಾರ ಕೊರೀನ್ ಕಮಿಷನರ್‌ಗೆ ಒಂದು ಸಾಲಿನ ಪತ್ರ ಬರೆದಳು: “ನನಗೆ ಬರಬೇಕಾದ ಆಟಗಾರನ ಹೆಸರು ನಾರ್ಬರ್ಟ್ ಗೋರ್ಸ್ಕಿ.”

ವಿಚಾರಣೆ ಶನಿವಾರ ಬೆಳಿಗ್ಗೆ ಹತ್ತಕ್ಕೆ ದವಾಖಾನೆಯಲ್ಲಿ ನಡೆಯಿತು. ಅದೇ ಹೊತ್ತಿಗೆ ನಾರ್ಬರ್ಟ್‌ಗೆ ಹಲ್ಲು ಶುಚಿ ಮಾಡಿಸಿಕೊಳ್ಳುವ ದಿನಾಂಕವೂ ಗೊತ್ತಾಗಿದ್ದರಿಂದ, ಕಾಲವ್ಯಯವಾಗಬಾರದೆಂದು ಕಮಿಷನರ್ ಎರಡನ್ನೂ ಒಟ್ಟಿಗೇ ನೆರವೇರಿಸಿದರು. ಡ್ಯೂಯಿ ಸಾಕ್ಷಿಯಾಗಿ ಬಂದಿದ್ದ. ಕೊರೀನ್ ಗೋಡೆಯ ಬದಿಯ ಕುರ್ಚಿಯಲ್ಲಿ ಕೂತಿದ್ದಳು.

“ಬಾಯಿ ದೊಡ್ಡದಾಗಿ ತೆಗಿ,” ಎಂದರು ಡಾಕ್ಟರು. “ಹಾಂ. ಈಗ ನಿನ್ನ ಆಕ್ಷೇಪಣೆ ಹೇಳು.”

“ಆ... ಆ ಆಆ... ಆ!” ಎಂದ ನಾರ್ಬರ್ಟ್. ಬಾಯಿತುಂಬ ಹತ್ತಿಯಿತ್ತು.

“ದಾಖಲಾಯ್ತು. ಅಮ್ಮಾ, ನಿಮ್ಮ ವಾದ?”

“ಡಾಕ್ಟ್ರೇ, ಇವನು ಆಟಗಾರ ಅಲ್ಲ ಅಂತ ಹೇಳೋ ಹಾಗಿಲ್ಲ. ಹತ್ತೊಂಬತ್ತು ವರ್ಷದಿಂದ ಇವನೇ ಬರ್ಕೊಟ್ಟಿದ್ದಾನೆ,” ಎಂದು ಕೊರೀನ್ ಬಸ್ಸಿನ ಕಡತದಂಥ ದಪ್ಪ ಕಟ್ಟೊಂದನ್ನು ಮುಂದಿಟ್ಟಳು. “‘ನಾವು ಗೆದ್ವಿ.’ ನಾನೂರ ಹನ್ನೆರಡು ಸಲ. ‘ನಾವು ಚೆನ್ನಾಗಿ ಎಸೆದ್ವಿ.’ ಅರವತ್ತು ಸಲ. ‘ನಮಗೆ ಮೊಣಕೈ ನೋವು.’ ಮೂವತ್ತು ಸಲ. ಆಡದೇ ಇರೋನಿಗೆ ಮೊಣಕೈ ಯಾಕ್ ನೋಯತ್ತೆ?”

ಡಾಕ್ಟರು ಕನ್ನಡಕ ಏರಿಸಿ ಎರಡು ಹಾಳೆ ಓದಿದರು. ಡ್ಯೂಯಿ ಕಡೆ ತಿರುಗಿದರು. “ಸಾಕ್ಷಿ ಏನ್ ಹೇಳ್ತೀರಿ?”

“ನಿಜ ಸ್ವಾಮಿ. ನನ್ ಅಂಗಡಿಗೂ ಬಂದು ‘ನಾವು’ ಅಂತಾನೇ ಅನ್ನೋದು,” ಎಂದ ಡ್ಯೂಯಿ. ಗೆಳೆಯನ ಕಣ್ಣು ತಪ್ಪಿಸಿ ಚಾವಣಿ ನೋಡುತ್ತ, “ಒಂದ್ಸಲ ನಮಗೆ ತೊಡೆ ಹಿಡ್ಕೊಂಡಿದೆ ಅಂತ ಕುಂಟ್ತಾ ಇದ್ದ,” ಎಂದು ಸೇರಿಸಿದ.

“ಆಆ!” ಎಂದ ನಾರ್ಬರ್ಟ್.

ತೀರ್ಪು ಅಲ್ಲೇ ಹೊರಬಿತ್ತು. “ಮೇಲ್ಕಂಡ ಸಾಕ್ಷ್ಯಾಧಾರಗಳನ್ನು ಕೂಲಂಕಷವಾಗಿ ಪರಾಮರ್ಶಿಸಲಾಗಿ, ಸದರಿ ವ್ಯಕ್ತಿಯು ಆಟಗಾರನೇ ಎಂದು ಕಂಡುಬಂದಿರುತ್ತದೆ. ಈ ಕ್ಷಣದಿಂದ ಆತನು ‘ಸೋರುವ ನಲ್ಲಿ’ ತಂಡದ ಸ್ವತ್ತು. ಆಟದ ವೇಳೆ ಆಟಗಾರನು ಫೋನು ಹೊಂದಿರತಕ್ಕದ್ದಲ್ಲ. ಎಡಗಡೆ ಮೇಲಿನ ಎರಡನೇ ದವಡೆಹಲ್ಲನ್ನು ಇನ್ನಷ್ಟು ಚೆನ್ನಾಗಿ ಉಜ್ಜತಕ್ಕದ್ದು. ಅಮ್ಮಾ, ಇವನನ್ನ ಯಾವ ಸ್ಥಾನದಲ್ಲಿ ಆಡಿಸ್ತೀರಿ?”

“ಬೆಂಚು,” ಎಂದಳು ಕೊರೀನ್.

ಭಾನುವಾರ ಒಂದು ಗಂಟೆಗೆ ನಾರ್ಬರ್ಟ್ ಸರೋವರದ ದಂಡೆಯ ಮೈದಾನದಲ್ಲಿ ಮರದ ಬೆಂಚಿನ ಮೇಲೆ ಕೂತಿದ್ದ. ಫೋನು ಹೆಂಡತಿಯ ಕೈಚೀಲದಲ್ಲಿತ್ತು. ಹದಿನಾಲ್ಕು ತಂಡಗಳ ಪಟ್ಟಿ ಸಲ್ಲಿಕೆಯಾಗಿರಲಿಲ್ಲ. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ತೊಡೆಯ ಮೇಲೆ ಗೀಚುತ್ತಿತ್ತು. ಒಂದೂ ಐದು. ಒಂದೂ ಏಳು. ಎದ್ದು ಹೋಗೋಣವೆಂದರೆ ಆಟಗಾರ ವ್ಯವಸ್ಥಾಪಕಿಯ ಅಪ್ಪಣೆಯಿಲ್ಲದೆ ಬೆಂಚು ಬಿಡುವಂತಿಲ್ಲ. ನಿಯಮ ಇಪ್ಪತ್ತಮೂರು, ಹನ್ನೆರಡು ವರ್ಷದ ಹಿಂದೆ ಅವನೇ ಮಂಡಿಸಿ ಪಾಸು ಮಾಡಿಸಿದ್ದು. ಮಾಡಿದ್ದುಣ್ಣೋ ಮಹಾರಾಯ.

ಮಾಡಲು ಬೇರೇನೂ ಇಲ್ಲದ್ದರಿಂದ ಅವನು ಮೈದಾನ ನೋಡಿದ. ಬಲಮೂಲೆಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳು ವಿನ್ನಿಯಂತೆ ಕಾಣಲಿಲ್ಲ; ಬೇಸಿಗೆಯಲ್ಲಿ ಮಕ್ಕಳು ಬೆಳೆಯುತ್ತಾರೆ ಎಂದುಕೊಂಡು ಕೈಬೀಸಿದ. ಆ ಹುಡುಗಿ ಅತ್ತಿತ್ತ ನೋಡಿ, ಯಾವುದಕ್ಕೂ ಇರಲಿ ಎಂದು ತಾನೂ ಕೈಬೀಸಿದಳು. ನಡುವಿನ ವೃತ್ತದಲ್ಲಿ ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡ ಪಿಚರ್ ಇದ್ದಳು. ಎಡಗೈ. ತೋಳನ್ನು ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಸೊಂಟದ ಬಳಿಯಿಂದ ಚೆಂಡು ಬಿಡುತ್ತಿದ್ದಳು. ಚೆಂಡು ನೇರ ಬಂದಂತೆ ಬಂದು ಬ್ಯಾಟಿನ ಹತ್ತಿರ ಕೆಳಕ್ಕೆ ಕುಸಿಯುತ್ತಿತ್ತು. ಒಬ್ಬಳು ಬೀಸಿ ತಪ್ಪಿದಳು. ಇನ್ನೊಬ್ಬಳು. ಮತ್ತೊಬ್ಬಳು.

ನಾರ್ಬರ್ಟ್‌ನ ಬೆನ್ನು ನೆಟ್ಟಗಾಯಿತು. “ಯಪ್ಪಾ! ಯಾರೇ ಅವಳು? ಆ ಎಡಗೈ ಹುಡುಗಿ? ಅವಳ ಅಂಕಿ ಅಂಶ ಏನಾದ್ರೂ ಇದೆಯಾ?”

ಕೊರೀನ್ ಅವನತ್ತ ತಿರುಗಿದಳು. “ಒಂದು ಮೀಟರು ನಲವತ್ತೆಂಟು. ಮೂವತ್ತೊಂಬತ್ತು ಕಿಲೋ. ಹುಟ್ಟಿದಾಗ ಮೂರೂಕಾಲು ಕಿಲೋ, ತೂಕ ನೋಡಿದ್ದು ನೀನೇ. ಯಂತ್ರ ಸರಿ ಇಲ್ಲ ಅಂತ ಆಸ್ಪತ್ರೇಲಿ ಜಗಳ ಆಡಿ ಎರಡು ಸಲ ತೂಗಿಸಿದ್ದೆ.”

ವೃತ್ತದಲ್ಲಿದ್ದ ಹುಡುಗಿ ಅವರತ್ತ ಬೆನ್ನು ಮಾಡಿದಳು. ಅಂಗಿಯ ಮೇಲೆ ಹದಿನಾಲ್ಕು ಎಂದಿತ್ತು.

“ಮೇ ತಿಂಗಳಿಂದ ಅವಳೇ ಪಿಚರ್,” ಎಂದಳು ಕೊರೀನ್. “ಫ್ರಿಜ್ಜಿನ ಮೇಲೆ ಚೀಟಿ ಹಾಕಿದ್ಳು. ತಂಡದವರು ನಂಬರ್ ಯಾವ್ದು ಬೇಕು ಅಂತ ಕೇಳಿದಾಗ ಹದಿನಾಲ್ಕು ಅಂದ್ಳಂತೆ. ಯಾಕೇ ಅಂದೆ. ಅಪ್ಪಂಗೆ ಅದೊಂದ್ ನಂಬರ್ ಮಾತ್ರ ಮರೆಯಲ್ಲ ಅಂದ್ಳು.”

ನಾರ್ಬರ್ಟ್ ಅತ್ತ. ತೂಕ ಮತ್ತು ಅಳತೆ ಕಚೇರಿಯ ಹಿರಿಯ ತಪಾಸಣಾಧಿಕಾರಿಯೊಬ್ಬರು ಸಾರ್ವಜನಿಕ ಸ್ಥಳದಲ್ಲಿ ಅಳಬಾರದೆಂಬ ನಿಯಮವೇನೂ ಇಲ್ಲದ್ದರಿಂದ ಇದನ್ನು ಇಲ್ಲಿ ದಾಖಲಿಸಲಾಗಿದೆ.

ವಿನ್ನಿಯ ತಂಡ ಮೂರು ಎರಡರಿಂದ ಸೋತಿತು. ಆಟ ಮುಗಿದು ಜಾಲರಿ ಬಿಚ್ಚಿಕೊಂಡು ಬಂದ ಮಗಳಿಗೆ ನಾರ್ಬರ್ಟ್, “ಪರವಾಗಿಲ್ಲ ಪುಟ್ಟಿ, ನಾವು ಸೋತ್ವಿ ಅಷ್ಟೇ” ಎಂದ. ಸೋಲಿಗೆ ಅವನು ‘ನಾವು’ ಹಾಕಿದ್ದು ಅದೇ ಮೊದಲು.

“ಸೋತಿದ್ದು ನಾವು. ನೀನು ಬೆಂಚು,” ಎಂದಳು ವಿನ್ನಿ. ಆದರೆ ಬೆವರಿದ ಕೈಗವಸನ್ನು ಹಿಡಿದುಕೋ ಎಂದು ಅವನಿಗೇ ಕೊಟ್ಟಳು.

ಫೋನು ರಾತ್ರಿಯವರೆಗೂ ಕೈಚೀಲದಲ್ಲೇ ಇದ್ದದ್ದರಿಂದ ಆ ವಾರ ಪಟ್ಟಿ ಸಲ್ಲಿಕೆಯಾಗದೆ ಉಳಿದ ಹದಿನಾಲ್ಕು ತಂಡಗಳಲ್ಲಿ ಹನ್ನೊಂದು ಗೆದ್ದವು. ವ್ಯವಸ್ಥಾಪಕರ ಹಸ್ತಕ್ಷೇಪವಿಲ್ಲದೆ ಅವು ಇಷ್ಟು ಚೆನ್ನಾಗಿ ಹಿಂದೆಂದೂ ಆಡಿರಲಿಲ್ಲ. ಸೋಮವಾರ ಕಿನ್ಯೋನೆಸ್ ಮೊಣಕೈ ಹಿಡಿದುಕೊಂಡು ಗಾಯಾಳು ಪಟ್ಟಿಗೆ ಸೇರಿದ, ಆ ವರ್ಷ ಮತ್ತೆ ಏಳಲಿಲ್ಲ. ಚಿನ್ನದ ದವಡೆ ‘ಸೋರುವ ನಲ್ಲಿ’ ತಂಡಕ್ಕೆ ಹೋಯಿತು. ಅದನ್ನು ಅಡುಗೆಮನೆಯ ಕಿಟಕಿಯಲ್ಲಿ, ಅಂಟುಪಟ್ಟಿ ಸುತ್ತಿದ ನಲ್ಲಿಯ ಮೇಲ್ಭಾಗದಲ್ಲಿ ಇಡಲಾಯಿತು.

ಇದರಿಂದ ಸಮಸ್ಯೆ ಬಗೆಹರಿಯಿತೆಂದು ಯಾರಾದರೂ ಭಾವಿಸಿದರೆ ಅವರಿಗೆ ಸಂಸ್ಥೆಗಳ ಸ್ವಭಾವ ತಿಳಿಯದು. ತೀರ್ಪಿನ ಸುದ್ದಿ ಊರಲ್ಲಿ ಹಬ್ಬಿತು. ಚಳಿಗಾಲದೊಳಗೆ ಲೀಗಿನ ಉಳಿದ ಮನೆಗಳ ಹೆಂಗಸರೂ, ತೀರ್ಪಿನಂತೆ ಗಂಡಂದಿರನ್ನು ಆಟಗಾರರ ಪಟ್ಟಿಗೆ ಸೇರಿಸಿ ತಾವೇ ತಂಡ ನಡೆಸುವುದಾಗಿ ಅರ್ಜಿ ಹಾಕಿದರು. ಅವರಲ್ಲಿ ಡಾಕ್ಟರ ಹೆಂಡತಿಯೂ ಇದ್ದಳು. ಮಾರ್ಚ್ ತಿಂಗಳ ಆಯ್ಕೆ ಸಭೆಯಲ್ಲಿ ಹನ್ನೆರಡು ವ್ಯವಸ್ಥಾಪಕಿಯರು ದವಾಖಾನೆಯ ನಡುಕೋಣೆಯಲ್ಲಿ ಮೇಜಿನ ಸುತ್ತ ಕೂತರು. ಗಂಡಸರು ಹೊರಗಿನ ಕಾಯುವ ಕೋಣೆಯಲ್ಲಿ, ಹಳೆಯ ವಾರಪತ್ರಿಕೆ ಹಿಡಿದು, ಬಾಗಿಲು ತೆರೆದಿಟ್ಟುಕೊಂಡು ಕೂತರು. ಹಿಂದಿನ ವರ್ಷದ ಮೂವರು ಆಟಗಾರರನ್ನು ಪ್ರತಿ ತಂಡವೂ ಹಾಗೇ ಉಳಿಸಿಕೊಳ್ಳಬಹುದಿತ್ತು. ಕೊರೀನ್ ಲಾಂಗ್‌ನೆಕರ್ ಬದಲಿಗೆ ಬಂದಿದ್ದ ಮೂರನೇ ಬೇಸಿನವನನ್ನೂ, ಒಬ್ಬ ಪಿಚರ್‌ನನ್ನೂ, ಒಬ್ಬ ಕ್ಯಾಚರ್‌ನನ್ನೂ ಉಳಿಸಿಕೊಂಡಳು.

“ನಿನ್ನ ಬಿಟ್ಬಿಟ್ಳಲ್ಲೋ!” ಎಂದ ಡ್ಯೂಯಿ.

“ಕ್ಯಾಚರ್‌ಗಳು ಸಿಗೋದ್ ಕಷ್ಟ ಕಣೋ,” ಎಂದ ನಾರ್ಬರ್ಟ್. “ನಾನಾಗಿದ್ರೂ ಹಾಗೇ ಮಾಡ್ತಿದ್ದೆ.” ಆದರೂ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡ.

ಮೊದಲ ಸುತ್ತು ಆಯಿತು. ಎರಡನೇ ಸುತ್ತಿನಲ್ಲಿ ಕೊರೀನ್ ಎದ್ದುನಿಂತು ಗಟ್ಟಿಯಾಗಿ, “ಡ್ಯೂಯಿ ಹಾರ್ಟ್‌ಲೆಬ್” ಎಂದಳು. ಡ್ಯೂಯಿ ವಾರಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿಕೊಂಡ.

ಮೂರು, ನಾಲ್ಕು, ಐದು. ಬೇರೆ ಬೇರೆ ಗಂಡಂದಿರು ಹೋದರು. ಆರನೇ ಸುತ್ತಿನಲ್ಲಿ ಡಾಕ್ಟರ ಹೆಂಡತಿ ಪಟ್ಟಿಯ ಮೇಲೆ ಬೆರಳಾಡಿಸುತ್ತ, “ಈ ಗೋರ್ಸ್ಕಿ ತಕ್ಕಡಿ ರಿಪೇರಿ ಮಾಡ್ತಾನಾ?” ಎಂದು ಯಾರನ್ನೋ ಕೇಳಿದಳು. ಆಗ ತಾಯಿಯ ಕುರ್ಚಿಯ ಹಿಂದೆ ನಿಂತಿದ್ದ ವಿನ್ನಿ ಬಗ್ಗಿ ತೋಳು ಜಗ್ಗಿದಳು. ಪಿಸುಮಾತೇ, ಆದರೆ ಬಾಗಿಲು ತೆರೆದಿತ್ತು.

“ಅಮ್ಮಾ, ಈಗ್ಲೇ ತಗೊಂಬಿಡು ಅಪ್ಪನ್ನ. ಅವರು ತಗೊಂಡ್ಬಿಡ್ತಾರೆ.”

“ಸುಮ್ನಿರು. ಯಾರೂ ತಗೊಳಲ್ಲ.”

“ತಗೊಂಡ್ಬಿಟ್ರೆ?”

“ಒಂಬತ್ತರವರೆಗೂ ಯಾರೂ ತಗೊಳಲ್ಲ ಕಣೇ. ನಾನು ಲೆಕ್ಕ ಹಾಕಿದ್ದೀನಿ.”

ಕೊರೀನ್ ಲೆಕ್ಕ ತಪ್ಪುವವಳಲ್ಲ. ಏಳು ಹೋಯಿತು, ಎಂಟು ಹೋಯಿತು, ಒಂಬತ್ತನೇ ಸುತ್ತಿನಲ್ಲಿ ‘ಸೋರುವ ನಲ್ಲಿ’ ತಂಡವು ನಾರ್ಬರ್ಟ್ ಗೋರ್ಸ್ಕಿಯನ್ನು ಆಯ್ದುಕೊಂಡಿತು. ಯಾರೂ ಪೈಪೋಟಿಗೆ ಬರಲಿಲ್ಲ. ವಿನ್ನಿ ಒಬ್ಬಳೇ ಚಪ್ಪಾಳೆ ತಟ್ಟಿದಳು. ನಾರ್ಬರ್ಟ್ ಎದ್ದು, ಕೋಟು ಸರಿಮಾಡಿಕೊಂಡು, ಸುತ್ತ ಇದ್ದವರ ಕೈಕುಲುಕಿದ. ಒಂಬತ್ತನೇ ಸುತ್ತಿಗೆ ತನ್ನಂಥವನು ಸಿಕ್ಕಿದ್ದು ತಂಡಕ್ಕೆ ಲಾಭವೇ ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿ ಹೆಂಡತಿಯ ಜಾಣತನಕ್ಕೆ ಹೆಮ್ಮೆಪಟ್ಟ.

ಕಾರಿನಲ್ಲಿ ಮನೆಗೆ ಹೋಗುವಾಗ ಅವನು ಮೆಲ್ಲಗೆ ಕೇಳಿದ: “ಭಾನುವಾರದ ಪಟ್ಟೀಲಿ ನಾನಿದ್ದೀನಾ?”

“ವಿನ್ನಿ ಆಟಕ್ಕೆ ನೀನಿದ್ದೀಯ, ಬೆಂಚಿಗೆ,” ಎಂದಳು ಕೊರೀನ್. “ಅಡುಗೆಮನೆಗೆ ಡ್ಯೂಯಿ. ನಲ್ಲಿ ಇನ್ನೂ ಸೋರ್ತಿದೆ.”

“ಸರಿಯಾದ ಆಯ್ಕೆ,” ಎಂದ ನಾರ್ಬರ್ಟ್.